ಕುಡಿತ ಬಿಡಲು ಜೊತೆಗಾರರು ಬೇಕೇ? ನಿಮ್ಮ ಹತ್ತಿರದ ಗುಂಪನ್ನು ಹುಡುಕುವ ಬಗೆ

ಕುಡಿಯಬೇಕು ಅಂತ ನಿಮಗೆ ಅನ್ನಿಸುವುದು ಎಷ್ಟು ಗಂಟೆಗೆ? ಗುಂಪು ಹುಡುಕಲು ಹೊರಡುವ ಮೊದಲು ಇದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೆಲವರಿಗೆ ಅದು ಸಂಜೆ ಆರೂವರೆ, ಕೆಲಸ ಮುಗಿಸಿ ಬಸ್ ಇಳಿಯುವ ಹೊತ್ತು. ಕೆಲವರಿಗೆ ಭಾನುವಾರ ಮಧ್ಯಾಹ್ನ. ಇನ್ನು ಕೆಲವರಿಗೆ ಬೆಳಗ್ಗೆ ಎದ್ದ ಕೂಡಲೇ.

"ಒಳ್ಳೇ ಗುಂಪು ಯಾವುದು?" ಅಂತ ಎಲ್ಲರೂ ಕೇಳುತ್ತಾರೆ. ನಾನಾದರೆ "ಆ ಹೊತ್ತಿಗೆ ನಾನು ತಲುಪಬಹುದಾದ ಗುಂಪು ಯಾವುದು?" ಅಂತ ಮೊದಲು ಕೇಳುತ್ತೇನೆ. ಊರಾಚೆ ಇರುವ, ತಿಂಗಳಿಗೊಮ್ಮೆ ಸೇರುವ ಹೆಸರುವಾಸಿ ಗುಂಪಿಗಿಂತ, ನಿಮ್ಮ ಬಸ್ ಸ್ಟಾಪಿನಿಂದ ಹತ್ತು ನಿಮಿಷ ನಡೆದರೆ ಸಿಗುವ, ವಾರಕ್ಕೆರಡು ಸಂಜೆ ಬಾಗಿಲು ತೆರೆಯುವ ಸಾದಾ ಗುಂಪು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಲೆಕ್ಕದ ಮೇಲೆಯೇ ನಿಂತಿದೆ.

ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯದ ಚಟಕ್ಕೆ ಸಿಕ್ಕಿದ ಸುಮಾರು 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದವರಿಗೆಲ್ಲ ಬಿಡುವ ಮನಸ್ಸಿಲ್ಲ ಅಂತ ಅಂದುಕೊಳ್ಳಬೇಡಿ. ಎಷ್ಟೋ ಜನರಿಗೆ ಯಾರನ್ನು ಕೇಳಬೇಕು, ಎಲ್ಲಿಗೆ ಹೋಗಬೇಕು ಅನ್ನುವುದೇ ಗೊತ್ತಿರುವುದಿಲ್ಲ.

ಮೊದಲು ಡಾಕ್ಟರು, ಆಮೇಲೆ ಗುಂಪು

ದಿನಾ ಜಾಸ್ತಿ ಕುಡಿಯುವವರು ದಯವಿಟ್ಟು ಈ ಭಾಗ ಬಿಟ್ಟು ಮುಂದೆ ಹೋಗಬೇಡಿ. ವರ್ಷಗಟ್ಟಲೆ ಕುಡಿದ ದೇಹಕ್ಕೆ ಏಕಾಏಕಿ ಮದ್ಯ ನಿಲ್ಲಿಸಿದರೆ ಅಪಾಯವಾಗಬಹುದು. ಕೊನೆಯ ಸಲ ಕುಡಿದು ಆರೆಂಟು ಗಂಟೆಯಲ್ಲೇ ಕೈ ನಡುಗಲು, ಬೆವರಲು ಶುರುವಾಗುತ್ತದೆ. ನಿದ್ದೆ ಬರುವುದಿಲ್ಲ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುವುದು, ಮನೆಯವರ ಗುರುತೇ ಸಿಗದಿರುವುದು, ವಿಪರೀತ ಜ್ವರ ಬರುವುದು ಆಗುತ್ತದೆ. ಇದಕ್ಕೆ ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು.

ಹಾಗಾಗಿ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ, ಬೆಳಗ್ಗೆ ಕುಡಿಯದೆ ಕೈ ನಡುಕ ನಿಲ್ಲುವುದಿಲ್ಲ ಅನ್ನುವ ಸ್ಥಿತಿ ಇದ್ದರೆ, ಮೊದಲು ಆಸ್ಪತ್ರೆಗೆ ಹೋಗಿ. ದೊಡ್ಡ ಆಸ್ಪತ್ರೆಯೇ ಆಗಬೇಕೆಂದಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಇದನ್ನು ನೋಡುತ್ತಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ. ಇದು ಮಂಗಳವಾರದ ಕ್ಲಿನಿಕ್ ಎಂದೇ ಶುರುವಾದದ್ದು. ನಿಮ್ಮ ತಾಲ್ಲೂಕಿಗೆ ಯಾವ ದಿನ ಬರುತ್ತಾರೆಂದು ಚೀಟಿ ಮಾಡಿಸುವ ಕೌಂಟರಿನಲ್ಲಿ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಫಿಟ್ಸ್ ಬಂದರೆ, ಮಾತು ಅಡ್ಡಾದಿಡ್ಡಿಯಾದರೆ 108ಕ್ಕೆ ಕರೆ ಮಾಡಿ. ಅಂಥ ಹೊತ್ತಿನಲ್ಲಿ ಯಾವ ಗುಂಪಿಗೂ ಫೋನ್ ಮಾಡುತ್ತಾ ಕೂರಬೇಡಿ.

ಡಾಕ್ಟರ ಹತ್ತಿರ ಹೋದಾಗ ಕುಡಿತದ ಪ್ರಮಾಣ ಕಮ್ಮಿ ಮಾಡಿ ಹೇಳಬೇಡಿ. ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಗೆ ಕುಡಿದದ್ದು ಯಾವಾಗ, ಅಷ್ಟನ್ನೂ ಇದ್ದಂತೆ ಹೇಳಿ. ನಡುಕ, ಫಿಟ್ಸ್ ತಡೆಯುವ ಮಾತ್ರೆಯ ಡೋಸ್ ಆ ಲೆಕ್ಕದ ಮೇಲೆಯೇ ನಿರ್ಧಾರವಾಗುತ್ತದೆ. ಥಯಾಮಿನ್ ಅನ್ನುವ ಬಿ1 ವಿಟಮಿನ್ ಕೂಡ ಕೊಡುತ್ತಾರೆ. ಅದು ತೀರಾ ಕಮ್ಮಿಯಾದರೆ ನೆನಪು, ನಡಿಗೆ ಎರಡೂ ಕೆಡುತ್ತವೆ. ಹೊರಡುವ ಮುಂಚೆ ಅಲ್ಲಿನ ಆಪ್ತಸಮಾಲೋಚಕರನ್ನೋ ಸೋಷಿಯಲ್ ವರ್ಕರನ್ನೋ ಕಂಡು "ನಮ್ಮ ಏರಿಯಾದಲ್ಲಿ ಕುಡಿತ ಬಿಟ್ಟವರ ಗುಂಪು ಯಾವುದಿದೆ?" ಅಂತ ಕೇಳಿ. ಹತ್ತಿರದ ಗುಂಪುಗಳ ಸುದ್ದಿ ಸಾಮಾನ್ಯವಾಗಿ ಅವರಿಗೆ ಗೊತ್ತಿರುತ್ತದೆ.

ಎಂಥೆಂಥ ಗುಂಪುಗಳಿವೆ

ನಮ್ಮಲ್ಲಿ ಹೆಚ್ಚು ಹೆಸರು ಕೇಳುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎಎ. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ, ಕುಡಿತದಿಂದ ಸೋತ ಒಬ್ಬ ಷೇರು ವ್ಯವಹಾರದವನೂ ಒಬ್ಬ ಡಾಕ್ಟರೂ ಸೇರಿ ಶುರು ಮಾಡಿದ್ದು. ಒಬ್ಬನಿಗೆ ತಾನೊಬ್ಬನೇ ಬಿಡಲಾಗದ್ದು, ಇನ್ನೊಬ್ಬ ಕುಡುಕನ ಜೊತೆ ಕೂತು ಮಾತಾಡಿದಾಗ ಸಾಧ್ಯವಾಯಿತು. ಇವತ್ತಿಗೂ ಅಲ್ಲಿ ನಡೆಯುವುದು ಅದೇ. ಸೇರಲು ಬೇಕಾದದ್ದು ಒಂದೇ: ಕುಡಿತ ಬಿಡಬೇಕೆಂಬ ಆಸೆ. ಫೀಸಿಲ್ಲ, ಫಾರಂ ಇಲ್ಲ, ಜಾತಿ ಧರ್ಮ ಕೇಳುವುದಿಲ್ಲ. ಬಾಡಿಗೆ, ಟೀ ಖರ್ಚು ಸದಸ್ಯರೇ ಹಾಕಿಕೊಳ್ಳುತ್ತಾರೆ. ಹೊರಗಿನವರ ದೇಣಿಗೆಯನ್ನು ಅವರು ಮುಟ್ಟುವುದೇ ಇಲ್ಲ.

ಇದರಿಂದ ನಿಜಕ್ಕೂ ಉಪಯೋಗ ಇದೆಯಾ? ಚಿಕಿತ್ಸೆಗಳ ಬಗ್ಗೆ ನಡೆದ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಜನರನ್ನು ವ್ಯವಸ್ಥಿತವಾಗಿ ಎಎಗೆ ಜೋಡಿಸುವ ಚಿಕಿತ್ಸೆಯಲ್ಲಿ, ಪೂರ್ತಿ ಬಿಟ್ಟು ಉಳಿದವರ ಪ್ರಮಾಣ ಬೇರೆ ಮಾನ್ಯ ಚಿಕಿತ್ಸೆಗಳಿಗಿಂತ ಜಾಸ್ತಿ ಇತ್ತು. ಎಎ ಎಲ್ಲರಿಗೂ ಒಗ್ಗುತ್ತದೆ ಅಂತ ಇದರ ಅರ್ಥವಲ್ಲ. ಆದರೆ ಸುಮ್ನೆ ಹರಟೆ ಹೊಡೆಯುವ ಜಾಗ ಅಂತ ತಳ್ಳಿಹಾಕುವ ಹಾಗೂ ಇಲ್ಲ.

ಎರಡನೆಯದು ಹಳ್ಳಿ, ಸಣ್ಣ ಊರುಗಳವರಿಗೆ ಹೆಚ್ಚು ಗೊತ್ತಿರುವಂಥದ್ದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಸೇರಿ ಮದ್ಯವರ್ಜನ ಶಿಬಿರ ನಡೆಸುತ್ತವೆ. ಎಂಟು ದಿನ ಅಲ್ಲೇ ಊಟ, ಅಲ್ಲೇ ವಾಸ. ಶಿಬಿರ ಮುಗಿಸಿದವರು ಸೇರಿ ನವಜೀವನ ಸಮಿತಿ ಅಂತ ಮಾಡಿಕೊಳ್ಳುತ್ತಾರೆ. ನಿಮಗೆ ಬೇಕಾದದ್ದು ಈ ಸಮಿತಿ. ಎಂಟು ದಿನದ ಶಿಬಿರದ ಹುರುಪು ಒಂಬತ್ತನೇ ದಿನ ಬಾರಿನ ಮುಂದೆ ಹಾದುಹೋಗುವಾಗ ಎಷ್ಟು ಉಳಿದಿರುತ್ತದೆ ಅನ್ನುವುದು ಊರಲ್ಲಿ ಯಾರು ಜೊತೆಗಿದ್ದಾರೆ ಅನ್ನುವುದರ ಮೇಲಿದೆ. ಶಿಬಿರಕ್ಕೆ ಸೇರುವವರಿಗೆ ಹಿಂದೆ ಫಿಟ್ಸ್ ಬಂದಿದ್ದರೆ, ಬಿಪಿ, ಶುಗರ್, ಲಿವರ್ ತೊಂದರೆ ಇದ್ದರೆ ಮೊದಲೇ ಹೇಳಿಬಿಡಬೇಕು.

ಇನ್ನು ಆಸ್ಪತ್ರೆ, ಪುನರ್ವಸತಿ ಕೇಂದ್ರಗಳೇ ಹಳೆಯ ರೋಗಿಗಳಿಗಾಗಿ ನಡೆಸುವ ಫಾಲೋಅಪ್ ಗುಂಪುಗಳು. ಎಎಯಲ್ಲಿ ಬರುವ ದೇವರು, ಪ್ರಾರ್ಥನೆ ಅಂದರೆ ಇರುಸುಮುರುಸು ಆಗುವವರಿಗೆ ಇವು ಒಗ್ಗಬಹುದು. ಅಂಥವರಿಗೆ 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ಅನ್ನುವ ಗುಂಪೂ ಇದೆ. ಅದರ ಆನ್‌ಲೈನ್ ಸಭೆಗಳಿಗೆ ಎಲ್ಲಿಂದ ಬೇಕಾದರೂ ಸೇರಬಹುದು. ಇಂಗ್ಲಿಷ್ ಬಲ್ಲವರಿಗೆ ಅದು ಸುಲಭ.

ಹುಡುಕುವ ಕೆಲಸ

ಫೋನಿನಿಂದ ಶುರು ಮಾಡಿ. ಮಾನಸಿಕ ಆರೋಗ್ಯಕ್ಕೆಂದು ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದು 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಹಾಯವಾಣಿ 14446. "ಕುಡಿತ ಬಿಡಬೇಕು, ಏನು ಮಾಡಲಿ" ಅಂತ ಕೇಳಿದರೆ ಸಮಾಧಾನ, ಸಲಹೆ ಸಿಗುತ್ತದೆ. ಅದೂ ಬೇಕು. ಜೊತೆಗೆ ಇಷ್ಟನ್ನು ಬಿಡಿಬಿಡಿಯಾಗಿ ಕೇಳಿ: ನಮ್ಮ ತಾಲ್ಲೂಕಿಗೆ ಹತ್ತಿರದ ಸರ್ಕಾರಿ ವ್ಯಸನ ಚಿಕಿತ್ಸಾ ಕೇಂದ್ರ ಯಾವುದು, ಅಲ್ಲಿ ಫಾಲೋಅಪ್ ಗುಂಪು ಇದೆಯಾ, ಹತ್ತಿರದಲ್ಲಿ ಎಎ ಮೀಟಿಂಗ್ ನಡೆಯುತ್ತದಾ. ಪೆನ್ನು ಕೈಯಲ್ಲಿಟ್ಟುಕೊಂಡೇ ಕರೆ ಮಾಡಿ.

ಎಎಯ ಭಾರತದ ಕಚೇರಿ ಮುಂಬೈನಲ್ಲಿದೆ. ಅವರ ವೆಬ್‌ಸೈಟಿನಲ್ಲಿ ರಾಜ್ಯ, ಊರುಗಳ ಸಂಪರ್ಕ ಹುಡುಕಬಹುದು. ಅಲ್ಲಿ ಸಿಗುವ ಫೋನ್ ನಂಬರಿನ ಹಿಂದೆ ಕಾಲ್ ಸೆಂಟರ್ ಇರುವುದಿಲ್ಲ. ಕುಡಿತ ಬಿಟ್ಟ ಸದಸ್ಯರೇ ಒಬ್ಬರು ಎತ್ತಿಕೊಳ್ಳುತ್ತಾರೆ. ಅವರೂ ಹಗಲು ಕೆಲಸದಲ್ಲಿರುವವರು. ಎತ್ತದಿದ್ದರೆ ಬೇಜಾರು ಬೇಡ, ಒಂದು ಮೆಸೇಜ್ ಹಾಕಿ ಸಂಜೆ ಮತ್ತೆ ಮಾಡಿ. ಮಾತು ಹೇಗೆ ಶುರು ಮಾಡುವುದು ಅಂತ ತಡವರಿಸುವವರಿಗೆ ಇಷ್ಟು ಸಾಕು:

"ನಮಸ್ಕಾರ ಸಾರ್, ಎಎ ಮೀಟಿಂಗ್ ಬಗ್ಗೆ ಕೇಳೋಣ ಅಂತ ಫೋನ್ ಮಾಡಿದೆ. ನನಗೆ ಕುಡಿತ ಬಿಡಬೇಕು. ನಾನಿರೋದು ಇಂಥ ಕಡೆ. ಹತ್ತಿರ ಯಾವ ದಿನ, ಎಷ್ಟು ಗಂಟೆಗೆ ಇದೆ? ಕನ್ನಡದಲ್ಲಿ ನಡೆಯುತ್ತಾ?"

ಹೆಸರು ಹೇಳಬೇಕೆಂದಿಲ್ಲ. ಆ ಕಡೆಯವರು ನಿಮ್ಮನ್ನು ವಿಚಾರಣೆ ಮಾಡುವುದಿಲ್ಲ. ಜಾಗದ ಗುರುತು, ಒಳಗೆ ಹೋಗುವ ಬಾಗಿಲು ಯಾವುದು ಅಂತ ವಿವರವಾಗಿ ಕೇಳಿಕೊಳ್ಳಿ. ಗುಂಪುಗಳು ಸ್ವಂತ ಕಟ್ಟಡ ಮಾಡಿಕೊಳ್ಳುವುದಿಲ್ಲ. ಚರ್ಚಿನ ಪಕ್ಕದ ಕೋಣೆ, ಶಾಲೆಯ ಒಂದು ತರಗತಿ, ಸಮುದಾಯ ಭವನದ ಮೂಲೆ, ಇಂಥ ಕಡೆ ಸೇರುತ್ತವೆ. ಬೋರ್ಡು ಇರದೆಯೂ ಇರಬಹುದು. ಗೇಟಿನ ತನಕ ಬಂದು, ಯಾರನ್ನು ಕೇಳುವುದು ಅಂತ ಸಂಕೋಚಪಟ್ಟು ವಾಪಸ್ ಹೋಗುವವರು ಎಷ್ಟೋ ಜನ. "ಗೇಟಿನ ಹತ್ತಿರ ಒಬ್ಬರು ನಿಲ್ಲುತ್ತೀರಾ?" ಅಂತ ಕೇಳಿ. ಖುಷಿಯಿಂದ ಬಂದು ನಿಲ್ಲುತ್ತಾರೆ.

ಗೂಗಲ್ ಮ್ಯಾಪ್ ಒಂದನ್ನೇ ನಂಬಿ ಹೊರಡಬೇಡಿ. ಜಾಗ, ಸಮಯ ಬದಲಾಗಿರುತ್ತದೆ, ಅಲ್ಲಿ ಹಳೆಯದೇ ಉಳಿದಿರುತ್ತದೆ. ಮೊದಲ ಸಲ ಧೈರ್ಯ ಮಾಡಿ ಹೋದವರಿಗೆ ಬೀಗ ಹಾಕಿದ ಬಾಗಿಲು ಕಂಡರೆ ಎರಡನೇ ಸಲ ಹೋಗುವುದು ತುಂಬಾ ಕಷ್ಟ. ಆ ದಿನವೇ ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಹಳ್ಳಿಯಲ್ಲಿ ದಾರಿ ಬೇರೆ. ಧರ್ಮಸ್ಥಳ ಸಂಘದ ವಾರದ ಸಭೆಗೆ ಹೋಗುವ ಹೆಂಗಸರು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದರೆ, ಅವರ ಮೂಲಕ ಸಂಘಗಳನ್ನು ನೋಡಿಕೊಳ್ಳುವ ಸೇವಾಪ್ರತಿನಿಧಿಯನ್ನು ಕೇಳಿಸಿ: ಮುಂದಿನ ಶಿಬಿರ ಎಲ್ಲಿ, ನಮ್ಮ ವಲಯದಲ್ಲಿ ನವಜೀವನ ಸಮಿತಿ ಇದೆಯಾ. ಆಶಾ ಕಾರ್ಯಕರ್ತೆಯರನ್ನೂ ಕೇಳಬಹುದು. ಇನ್ನೊಂದು ದಾರಿ, ನಿಮ್ಮೂರಲ್ಲೇ ಕುಡಿತ ಬಿಟ್ಟು ನಾಲ್ಕೈದು ವರ್ಷ ಆಗಿರುವವರು. ಒಬ್ಬರಾದರೂ ಇದ್ದೇ ಇರುತ್ತಾರೆ, ಅಲ್ವಾ? ಅವರನ್ನು ಒಂಟಿಯಾಗಿ ಸಿಕ್ಕಾಗ "ನೀವು ಹೇಗೆ ಬಿಟ್ರಿ?" ಅಂತ ಕೇಳಿ.

ಮೊದಲ ದಿನ ಒಳಗೆ ಏನಾಗುತ್ತದೆ

ಎಎ ಮೀಟಿಂಗ್ ಎರಡು ಬಗೆ. ಓಪನ್ ಮೀಟಿಂಗಿಗೆ ಹೆಂಡತಿ, ಅಣ್ಣ, ಗೆಳೆಯ ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಜೊತೆಗೆ ಯಾರಾದರೂ ಬರುವುದಾದರೆ ಇದನ್ನು ಮೊದಲೇ ಕೇಳಿಕೊಳ್ಳಿ.

ಹತ್ತು ನಿಮಿಷ ಮುಂಚೆ ಹೋಗಿ. ಯಾರೋ ಬೀಗ ತೆಗೆದು ಪ್ಲಾಸ್ಟಿಕ್ ಕುರ್ಚಿ ಬಿಡಿಸಿಡುತ್ತಿರುತ್ತಾರೆ. ಗೋಡೆಗೆ ಹನ್ನೆರಡು ಮೆಟ್ಟಿಲುಗಳ, ಅಂದರೆ ಕುಡಿತ ಬಿಟ್ಟು ಬದುಕಲು ಎಎ ಹೇಳುವ ಹನ್ನೆರಡು ಹೆಜ್ಜೆಗಳ, ಚಾರ್ಟ್ ತೂಗುಹಾಕುತ್ತಾರೆ. ಮೇಜಿನ ಮೇಲೆ ಟೀ ಫ್ಲಾಸ್ಕು, ಬಿಸ್ಕತ್ತು, ಒಂದಷ್ಟು ಪುಸ್ತಕ. ಹೊಸಬರೆಂದು ಗೊತ್ತಾದ ಕೂಡಲೇ ಒಬ್ಬರು ಬಂದು ಕೈ ಕುಲುಕುತ್ತಾರೆ. ಮೊದಲು ಎಎ ಅಂದರೇನು ಅನ್ನುವ ಸಣ್ಣ ಪಾಠ ಓದುತ್ತಾರೆ. ಆಮೇಲೆ ಒಬ್ಬೊಬ್ಬರೇ ತಮ್ಮ ಹೆಸರು ಹೇಳಿ, "ನಾನೊಬ್ಬ ಆಲ್ಕೊಹಾಲಿಕ್" ಅಂತ ಶುರು ಮಾಡಿ ತಮ್ಮ ಕಥೆ ಹೇಳುತ್ತಾರೆ. ಇದಕ್ಕೆ ಶೇರಿಂಗ್ ಅನ್ನುತ್ತಾರೆ. ಸಂಬಳದ ದಿನ ಮನೆಗೆ ಬರಿಗೈಯಲ್ಲಿ ಹೋದದ್ದು, ಮಗಳ ಸ್ಕೂಲ್ ಫೀಸು ಬಾರಿಗೆ ಹೋದದ್ದು, ಬಿಟ್ಟ ಮೇಲೆ ಮೊದಲ ಹಬ್ಬ ಹೇಗಿತ್ತು ಅನ್ನುವುದು. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಕುಡುಕ ಅಂತ ಊರೆಲ್ಲ ಬೈಸಿಕೊಂಡು ಬಂದವರಿಗೆ ಇದೊಂದೇ ದೊಡ್ಡ ಬಿಡುಗಡೆ.

ನಿಮ್ಮ ಸರದಿ ಬಂದಾಗ ಮಾತಾಡಲೇಬೇಕೆಂದಿಲ್ಲ. "ಇವತ್ತು ಕೇಳಿಸಿಕೊಳ್ಳುತ್ತೇನೆ" ಅಂದರೆ ಮುಗಿಯಿತು. ಹಣದ ಡಬ್ಬ ಸುತ್ತ ಬರುತ್ತದೆ, ಹೊಸಬರು ಹಾಕಬೇಕಾಗಿಲ್ಲ. ಒಂದು, ಒಂದೂವರೆ ಗಂಟೆ ಆದ ಮೇಲೆ ಎಲ್ಲರೂ ಎದ್ದು ನಿಂತು ಸಣ್ಣ ಪ್ರಾರ್ಥನೆ ಹೇಳುತ್ತಾರೆ. ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ, "ನಾವು ಅರಿತುಕೊಂಡಂತೆ" ಅನ್ನುವ ಮಾತಿನ ಜೊತೆ. ನಿಮ್ಮ ಪಾಲಿಗೆ ಅದು ಮಂಜುನಾಥನಾಗಲಿ, ಅಲ್ಲಾಹನಾಗಲಿ, ಆ ಕೋಣೆಯಲ್ಲಿ ಕೂತ ಜನರೇ ಆಗಲಿ, ನಡೆಯುತ್ತದೆ.

ಮುಗಿದ ಕೂಡಲೇ ಓಡಿಬರಬೇಡಿ. ನನ್ನ ಪ್ರಕಾರ ಆ ಇಡೀ ಸಂಜೆಯ ಬೆಲೆಬಾಳುವ ಹೊತ್ತು ಮೀಟಿಂಗ್ ಆದ ನಂತರದ ಕಾಲು ಗಂಟೆ. ಟೀ ಲೋಟ ಹಿಡಿದು ನಿಂತಿರುವಾಗ ಎರಡು ಮೂರು ಜನರ ನಂಬರ್ ತೆಗೆದುಕೊಳ್ಳಿ. ನಾಳೆ ಸಂಜೆ ಕಾಲು ಬಾರಿನ ಕಡೆ ಎಳೆದಾಗ ಫೋನ್ ಮಾಡಲು ಬೇಕಾಗುವುದು ಈ ನಂಬರುಗಳು.

ಭಯ ಒಂದೇ ಇರುತ್ತದೆ: "ಪರಿಚಯದವರು ಸಿಕ್ಕಿಬಿಟ್ಟರೆ?" ಸಿಕ್ಕಬಹುದು. ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ. ಯಾರು ಬಂದಿದ್ದರು, ಏನು ಹೇಳಿದರು ಅನ್ನುವುದನ್ನು ಹೊರಗೆ ಹೇಳಬಾರದು ಅನ್ನುವುದು ಈ ಗುಂಪುಗಳ ಮೂಲ ನಿಯಮ. ಅಷ್ಟಾದರೂ ಅಳುಕಿದ್ದರೆ ಮೊದಲಿಗೆ ಪಕ್ಕದ ಏರಿಯಾದ ಗುಂಪಿಗೆ ಹೋಗಿ.

ಈ ಗುಂಪು ನನಗೆ ಸರಿಯೇ?

ಒಂದೇ ಸಲಕ್ಕೆ ತೀರ್ಮಾನ ಬೇಡ. ಚಪ್ಪಲಿ ಕೊಳ್ಳುವಾಗಲೂ ಎರಡು ಮೂರು ಜೊತೆ ಹಾಕಿ ನಡೆದು ನೋಡುತ್ತೇವಲ್ಲ. ಒಂದು ಗುಂಪಿಗೆ ನಾಲ್ಕೈದು ಸಲವಾದರೂ ಹೋಗಿ, ಸಾಧ್ಯವಾದರೆ ಇನ್ನೊಂದು ಗುಂಪನ್ನೂ ನೋಡಿ. ಒಂದು ಕಡೆ ಎಲ್ಲರೂ ಅರವತ್ತು ದಾಟಿದವರು ಇರುತ್ತಾರೆ, ಇನ್ನೊಂದು ಕಡೆ ಆಟೋ ಓಡಿಸುವ ಹುಡುಗರು. ಭಾಷೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಗ್ಲಿಷಿನಲ್ಲೋ ತಮಿಳಿನಲ್ಲೋ ನಡೆಯುವ ಮೀಟಿಂಗಿನಲ್ಲಿ ಕೂತು ತಲೆಯಾಡಿಸಿ ಬರುವುದರಿಂದ ಮನಸ್ಸಿನ ಭಾರ ಇಳಿಯುವುದಿಲ್ಲ. ನೋವಿನ ಮಾತು ತಡೆಯಿಲ್ಲದೆ ಬರುವ ಭಾಷೆಯ ಗುಂಪು ಬೇಕು.

ಇಂಥ ಕಡೆಯಿಂದ ಎದ್ದು ಬನ್ನಿ: "ಡಾಕ್ಟರ ಮಾತ್ರೆ ಬಿಡು, ನಾವಿದ್ದೇವೆ" ಅನ್ನುವವರಿದ್ದರೆ. ಎಎ ಸದಸ್ಯರು ಡಾಕ್ಟರ ಕೆಲಸ ಮಾಡಬಾರದು ಅನ್ನುವುದು ಎಎಯ ನಿಲುವೇ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಕುಡಿಯುವ ಆಸೆ ತಗ್ಗಿಸುವ ಮಾತ್ರೆಗಳೂ ಗುಂಪೂ ಒಟ್ಟೊಟ್ಟಿಗೆ ನಡೆಯಬಹುದು. ಸಾಲ ಕೇಳುವವರು, ಚೀಟಿ, ಇನ್ಶೂರೆನ್ಸ್ ಮಾರುವವರು, ವೋಟಿನ ಮಾತೆತ್ತುವವರು ಇದ್ದರೂ ಅಷ್ಟೇ.

ಅಲ್ಲಿ ಉಳಿದು ತುಂಬಾ ದಿನ ಚಿಕಿತ್ಸೆ ಪಡೆಯುವ ಖಾಸಗಿ ಕೇಂದ್ರಕ್ಕೆ ಸೇರಿಸುವ ಮಾತು ಬಂದರೆ ಇನ್ನೂ ಹುಷಾರಾಗಿರಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯಾ, ಮನೋವೈದ್ಯರು ಯಾವಾಗ ಬರುತ್ತಾರೆ, ಮನೆಯವರು ಫೋನಿನಲ್ಲಿ ಮಾತಾಡಬಹುದಾ ಅಂತ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತದ ಚಟವೂ ಸೇರಿದೆ. ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಹೊಡೆದು ಬಿಡಿಸುತ್ತೇವೆ ಅನ್ನುವ ಜಾಗಕ್ಕೆ ನಿಮ್ಮವರನ್ನು ಕಳಿಸಬೇಡಿ.

ಹೆಂಗಸರಿಗೆ, ಮನೆಯವರಿಗೆ

ಕುಡಿತ ಬಿಡಲು ಬರುವ ಹೆಂಗಸರ ಸಂಖ್ಯೆ ಮೀಟಿಂಗುಗಳಲ್ಲಿ ಕಮ್ಮಿ. ತೊಂದರೆ ಕಮ್ಮಿ ಅಂತಲ್ಲ, ನಾಚಿಕೆಯ ಹೊರೆ ಅವರಿಗೆ ಎರಡು ಪಟ್ಟು. ಫೋನ್ ಮಾಡಿದಾಗಲೇ "ಮಹಿಳಾ ಸದಸ್ಯರ ಜೊತೆ ಮಾತಾಡಬೇಕು" ಅಂತ ಕೇಳಿ. ಆನ್‌ಲೈನಿನಲ್ಲಿ ಹೆಂಗಸರದ್ದೇ ಮೀಟಿಂಗುಗಳಿವೆ. ಮಾರ್ಗದರ್ಶಕರನ್ನು, ಅಂದರೆ ಸ್ಪಾನ್ಸರನ್ನು, ಹೆಂಗಸರು ಹೆಂಗಸರಲ್ಲೇ, ಗಂಡಸರು ಗಂಡಸರಲ್ಲೇ ಆರಿಸಿಕೊಳ್ಳುವುದು ರೂಢಿ, ಅದೇ ಒಳ್ಳೆಯದು.

ಇದನ್ನು ಓದುತ್ತಿರುವವರಲ್ಲಿ ಅರ್ಧ ಜನ ಕುಡಿಯುವವರ ಹೆಂಡತಿ, ಅಕ್ಕ, ಮಗ ಇರಬಹುದು. ಅವರು ಬಿಡಲಿ ಬಿಡದಿರಲಿ, ನಿಮಗೂ ಒಂದು ಗುಂಪಿದೆ. 1951ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಅಲ್-ಅನಾನ್ ಕುಡಿಯುವವರ ಮನೆಯವರದ್ದು. ಎಎಗೆ ಕರೆ ಮಾಡಿದಾಗ ಅದರ ಬಗ್ಗೆಯೂ ವಿಚಾರಿಸಿ. ಗಂಡ ಮೀಟಿಂಗಿಗೆ ಬರಲೊಪ್ಪದಿದ್ದರೆ ನೀವೇ ಮೊದಲು ಹೋಗಿ. ಅವರ ಜೊತೆ ಮಾತಾಡುವುದು ಬೆಳಗ್ಗೆ, ಕುಡಿಯದಿರುವಾಗ. ರಾತ್ರಿಯ ಜಗಳದಲ್ಲಿ ಈ ಮಾತು ಬೇಡ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ನಿಮ್ಮ, ಮಕ್ಕಳ ಸುರಕ್ಷತೆ ಮೊದಲು. ಮಹಿಳಾ ಸಹಾಯವಾಣಿ 181, ಪೊಲೀಸ್ 112.

"ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ" ಅನ್ನುವ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. ಖಂಡಿತ ಬೇಡ. ಡೈಸಲ್ಫಿರಾಮ್ ಅನ್ನುವ ಮಾತ್ರೆ ಹೊಟ್ಟೆಯಲ್ಲಿದ್ದು ಮೇಲೆ ಮದ್ಯ ಬಿದ್ದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಡಾಕ್ಟರು ಅದನ್ನು ಕೊಡುವುದು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು. ಪುಡಿಯಲ್ಲಿ ಏನಿದೆ ಅಂತ ಮಾರುವವನೂ ಹೇಳುವುದಿಲ್ಲ.

ಊರಲ್ಲಿ ಗುಂಪೇ ಇಲ್ಲದಿದ್ದರೆ

ಆನ್‌ಲೈನ್ ಮೀಟಿಂಗ್ ಇದೆ. ಹೆಡ್‌ಫೋನ್ ಹಾಕಿಕೊಂಡು, ಕ್ಯಾಮೆರಾ ಆಫ್ ಮಾಡಿ ಕೂರಬಹುದು. ಜೊತೆಗೆ ತಿಂಗಳಿಗೆ ಒಂದೆರಡು ಸಲ ಜಿಲ್ಲಾ ಕೇಂದ್ರದ ಗುಂಪಿಗೆ ಮುಖತಃ ಹೋಗಿಬನ್ನಿ. ಎಎ ಸಂಪ್ರದಾಯದಲ್ಲಿ ಕುಡಿತ ಬಿಡಲೆಂದು ಇಬ್ಬರು ಮೂವರು ಸೇರಿದರೂ ಅದು ಗುಂಪೇ. ಆಸ್ಪತ್ರೆಯಲ್ಲಿ ಪರಿಚಯವಾದ ಒಬ್ಬರು, ಶಿಬಿರದಲ್ಲಿ ಸಿಕ್ಕ ಇನ್ನೊಬ್ಬರು ಸಾಕು. ದಿನ, ಹೊತ್ತು, ಜಾಗ ನಿಗದಿ ಮಾಡಿಕೊಂಡು ಯಾರು ಬರಲಿ ಬಿಡಲಿ ಅಲ್ಲಿ ಕೂರಿ. ಹತ್ತಿರದ ಊರಿನ ಹಳೆಯ ಗುಂಪಿಗೆ ತಿಳಿಸಿದರೆ ಪುಸ್ತಕ ಕಳಿಸಿ, ಬಂದು ಕೂತು ನಡೆಸುವ ಕ್ರಮ ಹೇಳಿಕೊಡುತ್ತಾರೆ.

ವಿದೇಶದಲ್ಲಿರುವ ಕನ್ನಡಿಗರು ಎಎಯ ಮೀಟಿಂಗ್ ಗೈಡ್ ಆ್ಯಪಿನಲ್ಲಿ ಹುಡುಕಬಹುದು. ಅಲ್ಲಿನ ಗುಂಪಿಗೆ ಹೋಗುತ್ತಲೇ, ಬೆಂಗಳೂರಿನ ಸಂಪರ್ಕದವರನ್ನು ಕೇಳಿ ಇಲ್ಲಿನ ಕನ್ನಡ ಆನ್‌ಲೈನ್ ಸಭೆ ಇದ್ದರೆ ಸೇರಿಕೊಳ್ಳಿ. ಅಮೆರಿಕದಲ್ಲಿರುವವರಿಗೆ ಇಲ್ಲಿನ ಸಂಜೆ ಅಂದರೆ ಬೆಳಗಿನ ಹೊತ್ತು. ಹಾಗಾಗಿ ಅಲ್ಲಿನ ಸಂಜೆಗೆ ಅಲ್ಲಿನದೇ ಗುಂಪು ಬೇಕು.

ಸೇರಿದ ಮೇಲಿನ ಮೊದಲ ತಿಂಗಳುಗಳು

"ತೊಂಬತ್ತು ದಿನದಲ್ಲಿ ತೊಂಬತ್ತು ಮೀಟಿಂಗ್" ಅನ್ನುವುದು ಎಎಯ ಹಳೆಯ ಮಾತು. ನಮ್ಮ ಸಣ್ಣ ಊರುಗಳಲ್ಲಿ ಅದು ಆಗದ ಮಾತು, ದಿನಾ ಮೀಟಿಂಗೇ ಇರುವುದಿಲ್ಲ. ಮೀಟಿಂಗ್ ಇಲ್ಲದ ದಿನ, ಚೀಟಿಯಲ್ಲಿ ಬರೆದ ಆ ಹೊತ್ತಿಗೆ, ಗುಂಪಿನ ಒಬ್ಬರಿಗೆ ಫೋನ್ ಮಾಡಿ. ಸಂಬಳದ ದಿನ, ಜಾತ್ರೆ, ಮದುವೆ, ಬಾಡೂಟ, ಹೊಸ ವರ್ಷದ ಹಿಂದಿನ ರಾತ್ರಿ ಇವನ್ನು ಮೊದಲೇ ಗುಂಪಿನಲ್ಲಿ ಹೇಳಿಟ್ಟಿರಿ. ಯಾರಾದರೂ ಆ ದಿನ ಜೊತೆಗಿರುತ್ತಾರೆ.

ಮಧ್ಯೆ ಒಂದು ದಿನ ಕುಡಿದುಬಿಡಬಹುದು. ಗುಂಪಿನವರು ಇದಕ್ಕೆ ಸ್ಲಿಪ್ ಅನ್ನುತ್ತಾರೆ. ಕುಡಿದದ್ದಕ್ಕಿಂತ ಜಾಸ್ತಿ ಹಾಳು ಮಾಡುವುದು "ಇನ್ನು ಯಾವ ಮುಖ ಇಟ್ಟುಕೊಂಡು ಹೋಗಲಿ" ಅನ್ನುವ ಯೋಚನೆ. ಆ ಕೋಣೆಯಲ್ಲಿ ಕೂತವರಲ್ಲಿ ಬಹಳ ಜನ ಈ ದಾರಿಯಲ್ಲಿ ಹೋಗಿ ಬಂದವರು. ಮಾರನೇ ದಿನವೇ ಒಬ್ಬರಿಗೆ ಫೋನ್ ಮಾಡಿ "ನಿನ್ನೆ ಕುಡಿದೆ" ಅಂತ ಹೇಳಿ, ಮುಂದಿನ ಮೀಟಿಂಗಿಗೆ ಹೋಗಿ. ಆದರೆ ಆ ಒಂದು ದಿನ ವಾರವಾಗಿ ಬೆಳೆದಿದ್ದರೆ, ಕೈ ಮತ್ತೆ ನಡುಗಲು ಶುರುವಾಗಿದ್ದರೆ, ಮೊದಲು ಆಸ್ಪತ್ರೆ. ಗುಂಪಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಕೇಳಿದರೆ ಬರುತ್ತಾರೆ.